ಬಿಸಿಯಿಲ್ಲದ ಹಿಟ್ಟು

ಹಿಟ್ಟು ತಣ್ಣಗಿತ್ತು. ಸೊಸೆ ಕೊಡ ಎತ್ತಿಕೊಂಡು ನಳದ ಕಡೆ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಶೇವಂತಾಬಾಯಿ ಡಬ್ಬಿಯ ಮುಚ್ಚಳ ತೆಗೆದು ಮಣಿಕಟ್ಟು ಮುಳುಗುವಷ್ಟು ಒಳಗೆ ಕೈ ಇಳಿಸಿದ್ದಳು. ಗಿರಣಿಯಿಂದ ಆಗಷ್ಟೇ ಬಂದ ಹಿಟ್ಟಿಗೆ ಒಂದು ಕಾವಿರುತ್ತದೆ; ನಿದ್ದೆಯಿಂದೆದ್ದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ ಕೈಗೆ ಹಿತವಾಗಿ ಹತ್ತುತ್ತದೆ, ಮುಚ್ಚಳದ ಒಳಮೈಗೆ ಸಣ್ಣಗೆ ಬೆವರು ಕೂತಿರುತ್ತದೆ. ಮೊನ್ನೆ ಊಟದ ಹೊತ್ತು ಕಳೆದ ಮೇಲೆ ಹೋದ ಸೊಸೆ ಪ್ರಾಜಕ್ತಾ ಬಿಸಿಲು ಓರೆಯಾದ ಮೇಲೆ ಬಂದು, ಗಿರಣಿಯಲ್ಲಿ ಬಹಳ ಪಾಳಿ ಇತ್ತೆಂದು ಹೇಳಿ ಇಳಿಸಿದ ಡಬ್ಬಿಯಲ್ಲಿ ಆ ಕಾವಿರಲಿಲ್ಲ, ಬೆವರಿರಲಿಲ್ಲ. ಅವಳ ಹುಬ್ಬಿನ ಮೇಲಾಗಲಿ ಕಿವಿಯ ಹಿಂದಿನ ಕೂದಲಿನ ಮೇಲಾಗಲಿ ಹಿಟ್ಟಿನ ಧೂಳೂ ಇರಲಿಲ್ಲ. ಹಣೆಯ ಕುಂಕುಮ ಮಾತ್ರ ಹೊಸದಾಗಿತ್ತು. ಈ ಸೆಕೆಯಲ್ಲಿ ಗಿರಣಿಯ ಮುಂದೆ ಅಷ್ಟು ಹೊತ್ತು ನಿಂತು ಬಂದವಳ ಕುಂಕುಮ ಮೂಗಿನ ಮೇಲೆ ಇಳಿದಿರಬೇಕಿತ್ತು. ಯಾರೋ ಪರಕೀಯರ ಮುಂದೆ ಹೋಗಿ ಕೂರುವ ಹೆಂಗಸು ಹಾಗೆ ಮುಖ ತೊಳೆದು ಕುಂಕುಮ ತಿದ್ದಿಕೊಳ್ಳುತ್ತಾಳೆ. ಪರಕೀಯರೆಂದರೆ ಯಾರು ಎಂದು ತನ್ನನ್ನು ತಾನೇ ಕೇಳಿಕೊಂಡಾಗ ಶೇವಂತಾಬಾಯಿಗೆ ಕಂಡದ್ದು ಎರಡು ಬಿಳಿ ಬೂಟುಗಳು. ಮುಖ ಕಾಣಲಿಲ್ಲ. ಕೋಣೆಗೊಂದು ಸಂಸಾರವಿರುವ ಈ ಚಾಳದ ಕೋಣೆಗಳನ್ನು ಮಾರಿಸಿ ಕೊಡುವ ದಲಾಲ ಮೆಟ್ಟಿಲು ಹತ್ತಿ ಬರುವಾಗ ಹೊಸ್ತಿಲಲ್ಲಿ ಕೂತವರಿಗೆ ಮೊದಲು ಕಾಣುವುದು ಆ ಬೂಟುಗಳೇ.

ನೀರಿಗೆ ಹೋಗುವುದೊಂದು ಬಿಟ್ಟರೆ ಅವಳು ಹೊಸ್ತಿಲು ಬಿಟ್ಟು ಏಳುವುದನ್ನು ನಿಲ್ಲಿಸಿ ತಿಂಗಳುಗಳಾಗಿದ್ದವು. ಕೆಳಗಿನ ಮಾಳಿಗೆಯ ರಖಮಾಬಾಯಿಯನ್ನು ಅವಳ ಮಗ ಸೊಸೆ ಕೊಂಕಣದ ಊರಿಗೆ ಬಸ್ಸು ಹತ್ತಿಸಿದ್ದು ಹೋದ ಬೇಸಿಗೆಯಲ್ಲಿ. ಮಾವಿನ ಕಾಲ ಮುಗಿಸಿಕೊಂಡು ಬರುತ್ತಾಳೆ ಎಂದಿದ್ದರು. ರಖಮಾ ಹೊಸ ಚಪ್ಪಲಿ ಹಾಕಿಕೊಂಡು, ಎಲ್ಲರ ಬಾಗಿಲಿಗೂ ಬಂದು, ಉಪ್ಪಿನಕಾಯಿಗೆ ಎಷ್ಟೆಷ್ಟು ಕಾಯಿ ತರಲಿ ಎಂದು ಕೇಳಿ ಹೋಗಿದ್ದಳು. ಮಾವಿನ ಕಾಲ ಮುಗಿಯಿತು, ಮಳೆ ಹಿಡಿಯಿತು, ಗಣಪತಿ ಬಂದು ಹೋದ, ರಖಮಾ ಬರಲಿಲ್ಲ. ಅವಳ ಕೋಣೆಯಲ್ಲಿ ಈಗ ಯಾರೋ ಬ್ಯಾಗು ಹೊಲಿಯುವ ಕಾರಖಾನೆ ಇಟ್ಟಿದ್ದಾರೆ. ಕೋಣೆ ಮಾರಿದ ದುಡ್ಡಿನಲ್ಲಿ ಮಗ ಸೊಸೆ ರೈಲಿನ ಕೊನೆಯ ಸ್ಟೇಶನ್ನಿನ ಆಚೆ ಎಲ್ಲೋ ಎರಡು ಕೋಣೆಯ ಮನೆ ಮಾಡಿದ್ದಾರಂತೆ, ಬಚ್ಚಲು ಕಕ್ಕಸು ಮನೆಯ ಒಳಗೇ ಇದೆಯಂತೆ. ಚಾಳದ ಮಂದಿ ಈ ಕೊನೆಯ ಮಾತನ್ನು ಹೇಳುವಾಗ ಅವರ ದನಿಯಲ್ಲಿ ರಖಮಾಳ ಮೇಲಿನ ಮರುಕ ಎಲ್ಲೋ ಜಾರಿಹೋಗುವುದನ್ನು ಶೇವಂತಾಬಾಯಿ ಗಮನಿಸಿದ್ದಳು. ಅಂದಿನಿಂದ ಅವಳು ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಮಲಗುವುದನ್ನು ಬಿಟ್ಟಳು. ದೀಪಾವಳಿ ಕಳೆದು, ತುಳಸಿ ಲಗ್ನವಾಗಿ, ಮಗ ಮಂಗೇಶನ ಮದುವೆಯೂ ಆಯಿತು. ಆದರೂ ಅವಳ ಚಾಪೆ ಒಳಗೇ ಹೊಸ್ತಿಲಿಗೆ ಅಡ್ಡಲಾಗಿ ಬಿತ್ತು, ತಲೆದೆಸೆಗೆ ಕಬ್ಬಿಣದ ಟ್ರಂಕು. ಹೊರಗೆ ಮಲಗಿದರೆ ಮೊಣಕಾಲು ಹಿಡಿಯುತ್ತದೆ ಎಂದು ಎಲ್ಲರಿಗೂ ಹೇಳಿದಳು. ಹೇಳಿ ಹೇಳಿ ಮೊಣಕಾಲು ನಿಜವಾಗಿಯೂ ನೋಯತೊಡಗಿತು. ಮಗನಿಗೆ ಬಸ್ಸಿನ ಡಿಪೋದಲ್ಲಿ ಗಾಡಿ ತೊಳೆದು ಗ್ರೀಸು ಹಾಕುವ ರಾತ್ರಿಪಾಳಿ. ಮುಂಜಾನೆ ಬಂದು ಸ್ಟೋವಿನ ಸದ್ದು, ಪಾತ್ರೆಯ ಸದ್ದು, ಅವಳ ಕೆಮ್ಮಿನ ಸದ್ದುಗಳ ನಡುವೆ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಅವನ ಬೆನ್ನು ನೋಡುತ್ತ ಕೂತವಳಿಗೆ ಆ ಬೆನ್ನು ಏನನ್ನೋ ಮುಚ್ಚಿಟ್ಟಿದೆ ಅನ್ನಿಸುತ್ತದೆ.

ಇವತ್ತು ಮಂಗಳವಾರ, ಎಂದಿನ ಹಾಗೆಯೇ ಶುರುವಾದ ದಿನ. ಗ್ಯಾಲರಿಯ ಈ ತುದಿಯ ನಳದ ಕಟ್ಟೆಯ ಮೇಲೆ ಕೊಡಗಳ ಸಾಲಿತ್ತು. ಕೊಡ ಇಟ್ಟರೆ ಆಳೇ ನಿಂತ ಹಾಗೆ, ಯಾರೂ ಅದನ್ನು ಸರಿಸುವಂತಿಲ್ಲ. ಶೇವಂತಾಬಾಯಿ ಗ್ಯಾಲರಿಯ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಅವಳ ಹಿತ್ತಾಳೆಯ ಕೊಡ ಒಂದು ಕೊಡದಷ್ಟು ಹಿಂದೆ ಬಂದಿತ್ತು. ಯಾರು ಸರಿಸಿದರು ಎಂದು ಕೇಳಲು ಬಾಯಿ ತೆರೆದಳು. ಹೆಂಗಸರ ಮಾತು ಥಟ್ಟನೆ ನಿಂತದ್ದು ಆಗಲೇ. ಪಕ್ಕದ ಕೋಣೆಯ ಹಿರಾಬಾಯಿ ಏನನ್ನೋ ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದವಳು ಇವಳನ್ನು ಕಂಡು ನಗುವನ್ನು ಕೆಮ್ಮಾಗಿ ಮಾಡಿದಳು. ಕುಂಟಿ ಸುಮನ್ ಬಗ್ಗಿ ತನ್ನ ಕೊಡ ತಿಕ್ಕತೊಡಗಿದಳು, ತಿಕ್ಕಿ ಹೊಳೆಯುತ್ತಿದ್ದ ಕೊಡವನ್ನೇ. ‘ಮುದುಕಿಗೆ ಗೊತ್ತಾಗಬಾರ್ದು’ ಅನ್ನುವ ಮಾತಿನ ಬಾಲ ಮಾತ್ರ ಶೇವಂತಾಬಾಯಿಯ ಕಿವಿಗೆ ಬಿದ್ದಿತ್ತು. ಚಾಳದಲ್ಲಿ ಮುದುಕಿಯರು ಬೇಕಾದಷ್ಟಿದ್ದಾರೆ, ಯಾವ ಮುದುಕಿಯಾದರೂ ಇರಬಹುದು. ಆದರೆ ಬೇರೆ ಮುದುಕಿಯ ಮಾತಾಗಿದ್ದರೆ ತನ್ನನ್ನು ನೋಡಿ ಯಾಕೆ ನಿಲ್ಲಬೇಕಿತ್ತು? ಬೇರೆ ಮುದುಕಿಯ ಮಾತಾಗಿದ್ದರೆ ತನ್ನನ್ನೂ ಕರೆದು ಕೂರಿಸಿಕೊಂಡು ಹೇಳುತ್ತಿದ್ದರಲ್ಲ, ರಖಮಾಳ ಮಾತು ಹೇಳಿದ ಹಾಗೆ. ಕೊಡ ತುಂಬುವವರೆಗೂ ಅವಳು ನೀರಿನ ಧಾರೆಯನ್ನೇ ನೋಡುತ್ತ ನಿಂತಳು. ಬೆನ್ನ ಮೇಲೆ ಕಣ್ಣುಗಳು ಇರುವೆಗಳ ಹಾಗೆ ಹರಿದಾಡಿದವು.

ಆಮೇಲೆ ಕೀಲಿ. ಹಿರಾಬಾಯಿ ಮೆಂತ್ಯೆಸೊಪ್ಪು ಬಿಡಿಸಿಟ್ಟ ತಟ್ಟೆ ಹಿಡಿದು ಬಂದು, ಹೆಚ್ಚಾಗಿತ್ತು, ಒಂದು ಪಲ್ಯಕ್ಕಾಗುತ್ತದೆ ಎಂದು ಪ್ರಾಜಕ್ತಾಳ ಕೈಗೆ ಕೊಟ್ಟಳು. ಸೊಪ್ಪನ್ನು ಬುಟ್ಟಿಗೆ ಸುರಿಯುವಾಗ ತಟ್ಟೆಗೆ ಲೋಹ ತಗುಲಿದ ಸದ್ದಾಯಿತು. ಸೊಪ್ಪಿನಲ್ಲಿ ಲೋಹ ಎಲ್ಲಿಂದ ಬರಬೇಕು? ಪ್ರಾಜಕ್ತಾ ಬೆನ್ನು ತಿರುಗಿಸಿ ಕೂತಳು. ಎದ್ದಾಗ ಅವಳ ಸೊಂಟದ ಬಳಿ ಸೆರಗಿನ ತುದಿಗೆ ಕೆಂಪು ದಾರದ ಎಳೆ ಜೋಲುತ್ತಿದ್ದುದು, ಮರುಕ್ಷಣ ಒಳಗೆ ಹೋದದ್ದು ಕಂಡಿತು. ಕೆಂಪು ದಾರದ ಕೀಲಿ ಯಾವುದೆಂದು ಚಾಳದಲ್ಲಿ ಎಲ್ಲರಿಗೂ ಗೊತ್ತು. ಎದುರು ಗ್ಯಾಲರಿಯ ಮೂಲೆಯ ಕೋಣೆ ದಗಡೂ ತಾತ್ಯಾನದು. ತಾತ್ಯಾ ಊರಿಗೆ ಹೋಗುವಾಗ, ತುಳಸಿಗೆ ನೀರು ಹಾಕಿಕೊಂಡಿರಿ ಎಂದು ಹಿರಾಬಾಯಿಯ ಕೈಗೆ ಕೀಲಿ ಕೊಟ್ಟು ಹೋಗುತ್ತಾನೆ. ಒಂಟಿ ಮನುಷ್ಯ, ವರ್ಷದಲ್ಲಿ ಅರ್ಧ ಊರಿನಲ್ಲೇ. ಆ ಕೀಲಿ ತನ್ನ ಸೊಸೆಗೆ ಯಾಕೆ ಬೇಕು? ಖಾಲಿ ಕೋಣೆ, ಸುತ್ತ ಕೇಳುವ ಕಿವಿಗಳಿಲ್ಲ, ದಲಾಲನನ್ನು ಕೂರಿಸಿ ಮಾತು ಮುಗಿಸಲು ಅದಕ್ಕಿಂತ ಒಳ್ಳೆಯ ಜಾಗ ಉಂಟೆ? ಇಡೀ ಗ್ಯಾಲರಿಗೇ ಗೊತ್ತಿದೆ, ಹಿರಾಬಾಯಿಗೆ ಗೊತ್ತಿದೆ. ಗೋಡೆಯೆಂದು ಹೇಳುವ ಹಲಗೆಯ ಆಚೆ ಮೂವತ್ತು ವರ್ಷ ಕೆಮ್ಮಿದವಳು, ಶೇವಂತಾಬಾಯಿಯ ಗಂಡ ಸಖಾರಾಮ ಸತ್ತ ದಿನ ಅವಳ ಕೈಯ ಬಳೆ ಬಿಚ್ಚಿದವಳು, ಆ ಹಿರಾಬಾಯಿಯೇ ಸೇರಿಕೊಂಡಿದ್ದಾಳೆ.

ಊಟವಾಯಿತು. ಮಂಗೇಶ ನಿದ್ದೆಗೆಟ್ಟ ಕಣ್ಣಿನಿಂದ ಎದ್ದು ಅನ್ನಕ್ಕೆ ಮೀನಿನ ಸಾರು ಕಲಸಿಕೊಂಡು ಉಂಡ. ಗೆಳೆಯನ ಕಡೆ ಹೋಗಿ ಚಹಾ ಕುಡಿದು ಬರುತ್ತೇನೆ ಎಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಟ. ಅವನ ಚಪ್ಪಲಿಯ ಸದ್ದು ಮೆಟ್ಟಿಲ ಕಡೆ ಹೋಯಿತು, ಇಳಿಯಿತೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪ್ರಾಜಕ್ತಾ ಅಕ್ಕಿಯ ಡಬ್ಬಿ ಕಂಕುಳಿಗೆ ಏರಿಸಿದಳು.

“ಆಯಿ, ಗಿರಣಿಗೆ ಹೋಗಿ ಬರ್ತೇನ್ರಿ.”

“ಮೊನ್ನೆನ ಬೀಸಿಸಿಕೊಂಡು ಬಂದಿದ್ದಿ.”

“ಅದು ಜ್ವಾಳದ್ದು. ಇದು ಅಕ್ಕಿ.”

“ತಾ ಇಲ್ಲೆ, ನಾನ ಹೋಗ್ತೇನಿ.”

ಪ್ರಾಜಕ್ತಾಳ ಮುಖದಲ್ಲಿ ಏನೋ ಸುಳಿದುಹೋಯಿತು, ಗೋಡೆಯ ಮೇಲಿನ ಹಲ್ಲಿ ಕಂಡೂ ಕಾಣದ ಹಾಗೆ ಸರಿಯುವಂತೆ. “ನಿಮ್ಮ ಮೊಣಕಾಲು?” ಅಂದಳು.

ಆ ಮಾತಿನಲ್ಲಿ ಕಾಳಜಿ ಇತ್ತೋ ಚುಚ್ಚು ಇತ್ತೋ ಎಂದು ಶೇವಂತಾಬಾಯಿ ತೂಗಿ ನೋಡುವಷ್ಟರಲ್ಲಿ ಅವಳು ಹೊಸ್ತಿಲಲ್ಲಿ ಚಾಚಿದ್ದ ಅತ್ತೆಯ ಕಾಲುಗಳನ್ನು ನಯವಾಗಿ ದಾಟಿ, ದಾಟಿದ್ದಕ್ಕೆ ಬಗ್ಗಿ ಮುಟ್ಟಿ ನಮಸ್ಕಾರ ಮಾಡಿ, ಹೋಗಿಬಿಟ್ಟಿದ್ದಳು. ಒಳ್ಳೆಯ ಹುಡುಗಿ ಎಂದು ಎಲ್ಲರೂ ಹೇಳುತ್ತಾರೆ. ರಖಮಾಳ ಸೊಸೆಯನ್ನೂ ಹಾಗೇ ಹೇಳುತ್ತಿದ್ದರು.

ಮಧ್ಯಾಹ್ನ ಚಾಳ ಒಂದು ದೊಡ್ಡ ಪ್ರಾಣಿಯ ಹಾಗೆ ಮಲಗುತ್ತದೆ. ಅದರ ಬಾಯಿಗಳೆಲ್ಲ ತೆರೆದೇ ಇರುತ್ತವೆ. ಬಾಗಿಲು ಹಾಕುವುದು ರಾತ್ರಿಗೆ, ಇಲ್ಲವೆ ಸಾವಿಗೆ, ಇಲ್ಲವೆ ಜಗಳಕ್ಕೆ. ಹಗಲಲ್ಲಿ ಬಾಗಿಲು ಹಾಕಿದ ಕೋಣೆಯನ್ನು ಕಂಡರೆ ಮಂದಿ ನಿಂತು ಕೇಳುತ್ತಾರೆ. ತೆರೆದ ಬಾಗಿಲುಗಳಲ್ಲಿ ಪರದೆಗಳು ಉಬ್ಬುತ್ತ ಕುಗ್ಗುತ್ತ ಇದ್ದವು. ಕಟಕಟೆಯ ಮೇಲೆ ಒಣಗುತ್ತಿದ್ದ ಸೀರೆಗಳ ನಡುವಿನ ಸಂದಿಯಿಂದ ಎದುರು ಗ್ಯಾಲರಿಯ ಮೂಲೆ ಕಾಣುತ್ತಿತ್ತು. ಹುಡುಗಿಯಾಗಿದ್ದಾಗ ಊರಿನಲ್ಲಿ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ರಾಕ್ಷಸ ರಾಜಕುಮಾರಿಗೆ ಏಳು ಕೀಲಿ ಕೊಟ್ಟು, ಆರು ಕೋಣೆ ನಿನ್ನವು, ಏಳನೆಯದನ್ನು ಮಾತ್ರ ತೆಗೆಯಬೇಡ ಅನ್ನುತ್ತಾನೆ. ಏಳನೆಯದರಲ್ಲಿ ಏನಿತ್ತು ಎನ್ನುವುದು ಒಂದೊಂದು ರಾತ್ರಿ ಒಂದೊಂದು ಥರ ಇರುತ್ತಿತ್ತು. ಒಮ್ಮೆ ತಲೆಬುರುಡೆಗಳು ನಗುತ್ತಿದ್ದವು, ಒಮ್ಮೆ ಕುದುರೆಯ ಮುಂದೆ ಮಾಂಸ, ಹುಲಿಯ ಮುಂದೆ ಹುಲ್ಲು. ಆ ಕುದುರೆ ಹುಲಿ ಎರಡೂ ಹಸಿದು ಸಾಯುತ್ತಿವೆ ಅಜ್ಜಿ, ಅದಲು ಬದಲು ಮಾಡಬಾರದೇ ಎಂದು ಅವಳು ಅಳುತ್ತಿದ್ದಳು. ಬಾಗಿಲು ತೆಗೆದವರಿಗಷ್ಟೇ ಅದು ತಿಳಿಯುತ್ತದೆ ಮಗಾ, ಅನ್ನುತ್ತಿದ್ದಳು ಅಜ್ಜಿ. ಶೇವಂತಾಬಾಯಿ ಕತ್ತು ಚಾಚಿದಳು. ದಿನಾ ಬಿಸಿಲು ಕಟಕಟೆಯಿಂದ ಇಳಿದು ತಾತ್ಯಾನ ಬಾಗಿಲ ಮೇಲೆ ಬೀಳುವ ಹೊತ್ತಿಗೆ ಅಲ್ಲಿಯ ಹಿತ್ತಾಳೆ ಬೀಗ ಒಮ್ಮೆ ಮಿಂಚಿ ಅವಳ ಕಣ್ಣಿಗೆ ಹೊಡೆಯುತ್ತಿತ್ತು. ತೂಕಡಿಕೆಯಿಂದ ಎಷ್ಟೋ ಸಲ ಅದೇ ಅವಳನ್ನು ಎಬ್ಬಿಸಿದೆ. ಬಿಸಿಲು ಇಳಿಯಿತು, ಬಾಗಿಲ ಮೇಲೆ ಬಿತ್ತು. ಮಿಂಚು ಬರಲಿಲ್ಲ. ಮೊನ್ನೆಯೂ ಬಂದಿರಲಿಲ್ಲವಲ್ಲ ಎಂದು ಈಗ ಹೊಳೆಯಿತು. ಬೀಗವಿಲ್ಲ, ಬಾಗಿಲು ಮುಚ್ಚಿದೆ. ಅಂದರೆ ಒಳಗಿನಿಂದ ಚಿಲಕ.

ತನ್ನ ಕೋಣೆಗೆ ಅವಳು ಮೊದಲು ಬಂದದ್ದು ಮದುವೆಯಾದ ಮರುದಿನ. ಮಾವ, ಅತ್ತೆ, ಇಬ್ಬರು ಮೈದುನರು, ಅವಳು, ಸಖಾರಾಮ. ಅಷ್ಟು ಮಂದಿ ಒಂದೇ ಕೋಣೆಯಲ್ಲಿ ಹೇಗೆ ಇದ್ದೆವೋ, ಮಂಗೇಶ ಹೇಗೆ ಹುಟ್ಟಿದನೋ. ಅತ್ತೆ ಭಾಗೂಬಾಯಿಗೆ ಮಾತ್ರ ಭಜನೆಯ ಹುಚ್ಚು. ವಾರದಲ್ಲಿ ಮೂರು ದಿನ ಗಂಡಸರನ್ನು ಗ್ಯಾಲರಿಗೋ ಬೀದಿಗೋ ಅಟ್ಟಿ, ತಾಳದ ಗಂಟು ಹಿಡಿದು, ಭಜನೆಗೆ ಹೋಗಿ ಬರ್ತೇನಿ ಎಂದು ಹೊರಟುಬಿಡುತ್ತಿದ್ದಳು. ಮುಸುರೆಯ ರಾಶಿ ತನ್ನ ಪಾಲಿಗೆ ಬಿಟ್ಟು ಹಾಡಲು ಹೋಗುತ್ತಾಳೆ ಎಂದು ಶೇವಂತಾಳಿಗೆ ಉರಿಯುತ್ತಿತ್ತು. ಒಂದು ಆಷಾಢದಲ್ಲಿ ಮುದುಕಿ ತೊಯ್ದು ತೊಪ್ಪೆಯಾಗಿ ಬಂದು ನಿಂತಾಗ, ಭಜನಿ ಏನು ಬಯಲಾಗ ಇತ್ತೇನು ಎಂದು ಗಂಡನ ಕಿವಿಯಲ್ಲಿ ಹೇಳಿ ಇಬ್ಬರೂ ನಕ್ಕಿದ್ದರು. ಹಳದಿ ಬಟ್ಟೆಯಲ್ಲಿ ಕಟ್ಟಿದ ಆ ತಾಳಗಳ ಗಂಟು ಹೋಗುವಾಗ ಹೇಗಿತ್ತೋ ಬರುವಾಗಲೂ ಹಾಗೇ ಇರುತ್ತಿತ್ತು. ಅದು ಆಗ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಈಗಲೂ ಬೀಳಲಿಲ್ಲ. ಈಗ ಮನಸ್ಸಿನಲ್ಲಿ ಇದ್ದದ್ದು ಬಸ್ಸಿನ ಕಿಟಕಿ, ಕಾಲಲ್ಲಿ ಹೊಸ ಚಪ್ಪಲಿ, ಊರಿನ ಪಾಳು ಮನೆಯ ಕತ್ತಲು. ಅವಳು ಎದ್ದಳು. ತನ್ನ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಕುಪ್ಪಸದೊಳಗೆ ಸೇರಿಸಿ, ಗೋಡೆ ಹಿಡಿದು ನಡೆದಳು.

ಘಾಡಿ ಮಾಸ್ತರ ಯಾವ ಶಾಲೆಯಲ್ಲೂ ಮಾಸ್ತರನಾಗಿರಲಿಲ್ಲ. ಬಟ್ಟೆ ಗಿರಣಿ ಮುಚ್ಚುವವರೆಗೆ ಅಲ್ಲಿ ಕೆಲಸಗಾರರ ಮೇಲೆ ಮುಕಾದಮನಾಗಿದ್ದು, ಈಗ ಚಾಳದ ಜಗಳ, ಗಣಪತಿ, ನೀರಿನ ಟಾಂಕಿ ಮೂರನ್ನೂ ನೋಡಿಕೊಳ್ಳುವ ಹಿರಿಯ. ಅವನು ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು ಕೂತು ಅಡಿಕೆ ಕತ್ತರಿಸುತ್ತಿದ್ದ. ಶೇವಂತಾಬಾಯಿ ಬಾಗಿಲಲ್ಲಿ ನಿಂತು, ತಾತ್ಯಾನ ಕೋಣೆಯಲ್ಲಿ ಯಾರೋ ಇದ್ದಾರೆ, ಒಳಚಿಲಕ ಹಾಕಿಕೊಂಡಿದ್ದಾರೆ ಎಂದಳು. ದಲಾಲನ ಮಂದಿ ಎಂದಳು. ತನ್ನ ಮಗ ಸೊಸೆಯ ಹೆಸರು ಮಾತ್ರ ನಾಲಗೆಯ ತುದಿಗೆ ಬಂದು ನಿಂತಿತು. ಮನೆಯ ಮಾತು ಬೇರೆಯವರ ಬಾಯಿಂದ ಹೊರಬೀಳಲಿ, ಎಲ್ಲರೆದುರೇ ಬೀಳಲಿ, ಆಮೇಲೆ ಯಾರು ತನ್ನನ್ನು ಬಸ್ಸು ಹತ್ತಿಸುತ್ತಾರೋ ನೋಡೋಣ.

ಘಾಡಿ ಅಡಕತ್ತರಿ ಕೆಳಗಿಟ್ಟ. “ಕಣ್ಣಾರೆ ನೋಡೀದಿಯೇನು ವಹಿನಿ?”

“ಬೀಗ ಇಲ್ಲ. ಬಾಗಲಾ ಹಾಕೇದ. ಹಗಲಾಗ.”

ಕೊನೆಯ ಮಾತಿಗೆ ಅವನು ಎದ್ದ. ಅಂಗಿ ತೊಡುತ್ತ, ಕೋಲು ಹುಡುಕುತ್ತ, ಬರೂದಾದ್ರ ನನ್ನ ಮುಂದ ಬಂದು ಮಾತಾಡ್ಲಿ, ಕಳ್ಳರ ಹಂಗ ಹೊಕ್ಕೊಂಡ್ರ ಕೈಕಾಲು ಮುರೀತೇನಿ ಎಂದು ಗೊಣಗಿದ. ಅವರು ಗ್ಯಾಲರಿ ಸುತ್ತಿ ಬರುವಾಗ ಒಂದೊಂದು ಪರದೆಯ ಹಿಂದಿನಿಂದ ಒಬ್ಬೊಬ್ಬರು ಎದ್ದು ಹಿಂದೆ ಸೇರಿದರು. ಮಧ್ಯಾಹ್ನದ ನಿದ್ದೆಗಿಂತ ಬೇರೆಯವರ ಸಂಕಟ ಎಲ್ಲರಿಗೂ ರುಚಿ. ಹಿರಾಬಾಯಿ ಬರಿಗಾಲಲ್ಲಿ ಓಡಿ ಬಂದು ಶೇವಂತಾಬಾಯಿಯ ತೋಳು ಹಿಡಿದಳು.

“ಶೇವಂತಾ, ಬ್ಯಾಡ. ನನ್ನ ಮನಿಗೆ ಬಾ. ಎಲ್ಲಾ ಹೇಳ್ತೇನಿ.”

“ಯಾಕ? ಇಲ್ಲೇ ಹೇಳು.”

“ಇಲ್ಲೆ ಹೇಳೂ ಮಾತಲ್ಲ ಅದು.”

“ಹೌದು, ಎದುರಿಗೆ ಹೇಳೂ ಮಾತು ನೀ ಯಾವಾಗ ಆಡೀದಿ? ನಳದ ಕಟ್ಟಿ ಮ್ಯಾಲೆ ಆಡೀದಿ, ಸೊಪ್ಪಿನ ತಾಟಿನ್ಯಾಗ ಆಡೀದಿ. ಬಿಡು ನನ್ನ ಕೈ.”

ಹಿರಾಬಾಯಿ ಹಿಡಿದ ತೋಳು ಬಿಟ್ಟಳು. ಆ ಮುಖದಲ್ಲಿ ಕಂಡದ್ದು ಸಿಕ್ಕಿಬಿದ್ದವರ ಭಯವೇ ಎಂದು ಶೇವಂತಾಬಾಯಿಗೆ ಖಾತ್ರಿಯಾಯಿತು. ಅವಳೇ ಮುಂದಾಗಿ, ಘಾಡಿಯ ಕೋಲಿಗಿಂತ ಮೊದಲೇ, ಎರಡೂ ಅಂಗೈಗಳಿಂದ ತಾತ್ಯಾನ ಬಾಗಿಲು ಬಡಿದಳು. ಹಳೆಯ ಹಲಗೆ ಡಬ್ಬಿಯ ಹಾಗೆ ಸದ್ದು ಮಾಡಿತು. ಒಳಗೆ ಏನೋ ಉರುಳಿತು, ಪಿಸುಮಾತು ನಿಂತಿತು. ಆ ಮೌನದಲ್ಲಿ ಅಂಗಳದ ನಳದಿಂದ ಹನಿ ಬೀಳುವುದು ಮೂರು ಮಾಳಿಗೆಯ ಮೇಲಕ್ಕೂ ಕೇಳಿಸಿತು. ತೆಗೀತೀರೋ ಮುರೀಲೋ ಎಂದು ಘಾಡಿ ಅಬ್ಬರಿಸಿದ. ಚಿಲಕ ಜಾರಿತು.

ಮಂಗೇಶ ಬನಿಯನ್ನನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದ. ಅವನ ಭುಜದ ಹಿಂದೆ, ತಾತ್ಯಾನ ಸುತ್ತಿಟ್ಟ ಹಾಸಿಗೆಯ ಬದಲು ನೆಲದ ಮೇಲೆ ತಮ್ಮದೇ ಮನೆಯ ನೀಲಿ ಹೊದಿಕೆ. ಬೆಳಿಗ್ಗೆಯಿಂದ ಕಾಣುತ್ತಿಲ್ಲವಲ್ಲ ಎಂದು ಅವಳು ಹುಡುಕಿದ್ದ ಹೊದಿಕೆ. ಅದರ ಪಕ್ಕ ಕಾಗದದ ಪೊಟ್ಟಣದಲ್ಲಿ ಎರಡು ಬಟಾಟೆವಡೆ, ಇನ್ನೂ ಮುಟ್ಟಿರಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತ ಪ್ರಾಜಕ್ತಾಳ ಕೂದಲು ಬಿಚ್ಚಿಕೊಂಡಿತ್ತು. ಅಷ್ಟು ಉದ್ದದ ಕೂದಲು ಅವಳಿಗಿದೆ ಎಂದು ಶೇವಂತಾಬಾಯಿಗೆ ಗೊತ್ತಿರಲಿಲ್ಲ, ಆ ಹುಡುಗಿ ತನ್ನೆದುರು ಒಮ್ಮೆಯೂ ಅದನ್ನು ಬಿಚ್ಚಿರಲಿಲ್ಲ. ಹಣೆಯ ಕುಂಕುಮ ಅಳಿಸಿಹೋಗಿತ್ತು. ಬಿಳಿ ಬೂಟುಗಳನ್ನು ಹುಡುಕುತ್ತ ಶೇವಂತಾಬಾಯಿಯ ಕಣ್ಣು ಕೋಣೆಯ ಮೂಲೆಮೂಲೆಗೂ ಹೋಗಿ ಬಂತು. ತುಳಸಿಯ ಕುಂಡ, ಒಂದು ತಂಬಿಗೆ, ಹಿಟ್ಟಿನ ಡಬ್ಬಿ. ಅಷ್ಟೇ ಇತ್ತು.

ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ, ಕುಂಟಿ ಸುಮನ್ ಆದರೂ ಒಂದು ಪೋಲಿ ಮಾತು ಆಡಿದ್ದರೆ, ಅದು ಮಾಮೂಲಿ ಗದ್ದಲವಾಗಿ ಸಂಜೆಯೊಳಗೆ ಕರಗಿಹೋಗುತ್ತಿತ್ತು. ಘಾಡಿ ಮಾಸ್ತರ ಮೊದಲು ಕೋಲನ್ನು ನೋಡಿದ, ಆಮೇಲೆ ಬೆನ್ನು ತಿರುಗಿಸಿ ಕಟಕಟೆಯ ಆಚೆ ಅಂಗಳ ನೋಡಿದ. ಟಾಂಕಿ ತೊಳಸಬೇಕು, ಪಾಚಿ ಹಿಡದೈತಿ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ನಿಧಾನವಾಗಿ ನಡೆದುಬಿಟ್ಟ. ಅವನ ಹಿಂದೆ ಒಬ್ಬೊಬ್ಬರೇ, ಟಾಂಕಿಯ ಮಾತನ್ನೇ ಆಡುತ್ತ, ಕರಗಿದರು. ಎಲ್ಲರೂ ಅಷ್ಟು ಮರ್ಯಾದೆಯಿಂದ ನಡೆದುಕೊಂಡದ್ದು ಶೇವಂತಾಬಾಯಿಯ ಮೈಯ ಚರ್ಮ ಸುಲಿದ ಹಾಗಿತ್ತು. ಪ್ರಾಜಕ್ತಾ ಕೂದಲನ್ನು ಗಂಟು ಕಟ್ಟಿ, ಡಬ್ಬಿಯನ್ನು ಕಂಕುಳಿಗೇರಿಸಿ, ತಲೆ ಎತ್ತಿಕೊಂಡೇ ಅತ್ತೆಯ ಪಕ್ಕದಿಂದ ಹೊರಟುಹೋದಳು. ಈ ಸಲ ಮುಟ್ಟಿ ನಮಸ್ಕರಿಸಲಿಲ್ಲ. ಮಂಗೇಶ ಹೊರಗೇ ಬರಲಿಲ್ಲ. ನೀಲಿ ಹೊದಿಕೆಯನ್ನು ಮಡಿಸುತ್ತಿದ್ದ, ಮಡಿಸಿ ಬಿಚ್ಚಿ ಮತ್ತೆ ಮಡಿಸುತ್ತಿದ್ದ.

ಹಿರಾಬಾಯಿ ಉಳಿದಳು. ದನಿ ಏರಿಸಲಿಲ್ಲ.

“ಹಿಟ್ಟು ಮುಂಜಾನೆ ನಾನ ಬೀಸಿಸಿ ತಂದಿಡ್ತೇನಿ. ಹುಡುಗಿ ಕಾಳು ನನ್ನ ಕಡೆ ಸುರುವಿ, ಅದನ್ನ ಡಬ್ಬ್ಯಾಗ ತುಂಬಿಕೊಂಡು ಒಯ್ದು ನಿನ್ನ ಮುಂದ ಇಡ್ತಾಳ. ಅವರಿಗೆ ಬ್ಯಾರೆ ಜಾಗಾ ಎಲ್ಲೆದ ಹೇಳು. ನೀ ಹೊಸ್ತಿಲಾ ಬಿಟ್ಟು ಏಳೂದಿಲ್ಲ.”

“ನನಗ ಹೇಳಿದ್ರ?”

“ಹೇಳೂ ಮಾತೇನು ಅದು? ನಮಗ ಯಾರ ಹೇಳಿದ್ರು? ಹಿರೇರು ತಾವ ತಿಳಕೊಂಡು ಏಳ್ತಿದ್ರು.” ಬೀಗ ಹಾಕಲು ಕೈಯೆತ್ತಿದವಳು, ಒಳಗೆ ಮಂಗೇಶ ಇನ್ನೂ ಇದ್ದಾನೆಂದು ನೆನಪಾಗಿ ಕೈ ಇಳಿಸಿದಳು. “ನಿನಗ ಎಲ್ಲಾ ಮರತಹೋಗೇದ,” ಅಂದಳು.

ಮರೆತಿದ್ದೆನೆ? ತಿಳಿದೇ ಇರಲಿಲ್ಲವೆ? ಗ್ಯಾಲರಿಯ ಕಟಕಟೆ ಹಿಡಿದು ತನ್ನ ಕೋಣೆಯ ಕಡೆ ಬರುವಾಗ ದಾರಿ ಬಹಳ ಉದ್ದವಾಗಿತ್ತು, ಪ್ರತಿ ಪರದೆಯೂ ಅವಳು ಹಾದುಹೋಗುವವರೆಗೆ ಉಸಿರು ಹಿಡಿದಿತ್ತು. ಹೊಸ್ತಿಲಲ್ಲಿ ಪ್ರಾಜಕ್ತಾ ಡಬ್ಬಿ ಇಳಿಸಿಕೊಂಡು, ಬೀಗದ ಮುಂದೆ ಕಾಯುತ್ತ ನಿಂತಿದ್ದಳು. ತಾನು ಬೀಗ ಹಾಕಿ ಹೋದದ್ದು ಆಗ ನೆನಪಾಯಿತು. ಸೊಸೆ ನೋಡುತ್ತಿರುವಾಗ ಕುಪ್ಪಸದೊಳಗೆ ಕೈಹಾಕಿ ಕೀಲಿ ತೆಗೆಯಬೇಕಾಗಿ ಬಂತು. ಬೆವರಿಗೆ ಕೀಲಿ ಒದ್ದೆಯಾಗಿ ಬಿಸಿಯಾಗಿತ್ತು.

ಆಮೇಲೆ ಬಾಗಿಲು ತೆರೆದೇ ಇತ್ತು. ಪ್ರಾಜಕ್ತಾ ಕುರ್ಚಿಯ ಮೇಲೆ ಹತ್ತಿ ಬಾಗಿಲ ಪರದೆಯನ್ನು ಕಳಚಿದಳು. ಕೊಳಕಾಗಿದೆ, ಒಗೆಯಬೇಕು ಎಂದಳು. ಒಗೆದು ಕಟಕಟೆಯ ಮೇಲೆ ಹರವಿದಳು. ಮತ್ತೆ ಬಂದು ಬಾಗಿಲಿಗೆ ನೇರವಾಗಿ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಕೂತು, ಅಂಗಡಿಯಿಂದ ತಂದ ಸೀರೆಗಳಿಗೆ ಫಾಲ್ ಹೊಲಿಯತೊಡಗಿದಳು. ಸೂಜಿ ಹೋಗುತ್ತಿತ್ತು, ಬರುತ್ತಿತ್ತು. ನನ್ನಲ್ಲಿ ಮುಚ್ಚಿಡುವುದು ಏನೂ ಇಲ್ಲ, ನೋಡಿಕೋ ಎಂದು ಆ ತೆರೆದ ಬಾಗಿಲು ಹೇಳುತ್ತಿತ್ತು. ಶೇವಂತಾಬಾಯಿ ಹೊಸ್ತಿಲ ಬಳಿ ಕೂರಲಾರದೆ ಒಲೆಯ ಬಳಿ ಹೋಗಿ ಕೂತಳು, ಅಲ್ಲಿಯೂ ಕೂರಲಾರದೆ ಎದ್ದಳು. ಈ ಕೋಣೆಯಲ್ಲಿ ತಾನು ಎಲ್ಲಿ ಕೂತರೂ ಮಧ್ಯದಲ್ಲೇ ಕೂತ ಹಾಗಾಗುತ್ತದೆ ಎನ್ನುವುದು ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಅರಿವಿಗೆ ಬಂತು. ಇನ್ನು ನಿಜವಾಗಿಯೂ ಊರಿಗೆ ಕಳಿಸುತ್ತಾರೆ. ಕಳಿಸುವ ಯೋಚನೆ ಅವರಿಗೆ ಇರಲಿಲ್ಲವೇನೋ, ಇನ್ನು ಬರುತ್ತದೆ. ತಾನೇ ಆ ಬಾಗಿಲು ಬಡಿದು ಅದನ್ನು ಎಬ್ಬಿಸಿದೆ. ಅಥವಾ ಮೊದಲೇ ಇತ್ತೇನೋ, ಯಾರು ಬಲ್ಲರು. ಖಾಲಿ ಕೋಣೆಯಲ್ಲಿ ಗಂಡಹೆಂಡಿರು ಪಿಸುಗುಟ್ಟಿದ್ದು ಪೂರಾ ಪ್ರೀತಿಯ ಮಾತೇ ಆಗಿರಬೇಕೆಂದಿಲ್ಲವಲ್ಲ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಹೋಗಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಯಿತು.

ಸಂಜೆಯಾಗುವ ಹೊತ್ತಿಗೆ ಮಂಗೇಶ ಬಂದ. ಹೊದಿಕೆಯನ್ನು ಟ್ರಂಕಿನ ಮೇಲೆ ಇಟ್ಟ. ತಾಯಿಯ ಕಡೆ ನೋಡದೆ, ಡ್ಯೂಟಿಗೆ ಇನ್ನೂ ಹೊತ್ತಿದೆ ಎಂದು ಗೋಡೆಗೆ ಹೇಳಿ, ಅದರ ಕಡೆಯೇ ಮುಖ ಮಾಡಿ ಮಲಗಿದ. ಅವನ ಬೆನ್ನು ಈಗ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅದು ಬರೀ ದಣಿದ ಬೆನ್ನಾಗಿತ್ತು, ಭುಜದ ಬಳಿ ಗ್ರೀಸಿನ ಕಲೆ ಉಜ್ಜಿದರೂ ಹೋಗದೆ ಉಳಿದಿತ್ತು. ಬಟ್ಟೆ ಗಿರಣಿಯಿಂದ ಬಂದ ಸಖಾರಾಮನ ಬೆನ್ನಿನಲ್ಲಿ ಹತ್ತಿಯ ಎಳೆಗಳಿರುತ್ತಿದ್ದವು. ಕತ್ತಲಲ್ಲಿ ಅವಳು ಒಂದೊಂದನ್ನೇ ಬೆರಳಿನಿಂದ ಎತ್ತುತ್ತಿದ್ದಳು, ಹೊರಗೆ ಮಳೆ ಹುಯ್ಯುತ್ತಿತ್ತು, ಚಿಲಕ ಒಳಗಿನಿಂದ ಬಿದ್ದಿತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾಕೆ ಇರಲಿಲ್ಲ? ಅಷ್ಟು ಮಂದಿಯ ಮನೆಯಲ್ಲಿ, ಅಂಥ ಮಳೆಯಲ್ಲಿ, ಅವರೆಲ್ಲ ಎಲ್ಲಿಗೆ ಹೋಗಿದ್ದರು?

ಭಜನಿ ಏನು ಬಯಲಾಗ ಇತ್ತೇನು.

ಶೇವಂತಾಬಾಯಿ ಸ್ಟೂಲು ಎಳೆದುಕೊಂಡು ಅಟ್ಟದ ಮೇಲೆ ಕೈಯಾಡಿಸಿದಳು. ಬಿದ್ದಗಿದ್ದೀರಿ ಎಂದು ಪ್ರಾಜಕ್ತಾ ಸೂಜಿ ನಿಲ್ಲಿಸಿದಳು, ಆದರೆ ಎದ್ದು ಬರಲಿಲ್ಲ. ಗಣಪತಿಯ ಮಣೆ, ಹರಿದ ಕೊಡೆ, ಅದರ ಹಿಂದೆ ಧೂಳಿನಲ್ಲಿ ಬಟ್ಟೆಯ ಗಂಟು. ಹಳದಿ ಮಾಸಿ ಮಣ್ಣಿನ ಬಣ್ಣವಾಗಿತ್ತು. ಕೆಳಗಿಳಿದು ಗಂಟನ್ನು ಬಿಚ್ಚಲು ನೋಡಿದಳು, ಅದು ಕಲ್ಲಾಗಿತ್ತು. ಉಗುರು ಹಾಕಿದಳು, ಹಲ್ಲು ಹಾಕಿದಳು. ಅತ್ತೆ ಒಮ್ಮೆ ಕಟ್ಟಿದ್ದು ಮತ್ತೆ ಬಿಚ್ಚಿಯೇ ಇರಲಿಲ್ಲ. ಬಿಡು ಎಂದು ಅದನ್ನು ಹಾಗೇ ಕಂಕುಳಲ್ಲಿ ಇರುಕಿಕೊಂಡಳು.

ಗ್ಯಾಲರಿಯುದ್ದಕ್ಕೂ ದೀಪ ಹಚ್ಚುವ ಹೊತ್ತು. ಪ್ರತಿ ಹೊಸ್ತಿಲಿಗೂ ನೀರು ಚಿಮುಕಿಸುತ್ತಿದ್ದರು, ಊದುಬತ್ತಿಯ ವಾಸನೆ ಮೀನು ಹುರಿಯುವ ವಾಸನೆಯ ಜೊತೆ ಬೆರೆತಿತ್ತು. ಈ ಹೊತ್ತಿನಲ್ಲಿ ಯಾರೂ ಬಾಗಿಲು ಮುಚ್ಚುವುದಿಲ್ಲ, ಲಕ್ಷ್ಮಿ ಒಳಗೆ ಬರುವ ಹೊತ್ತು. ಯಾರ ಬಾಗಿಲಾದರೂ ಗಾಳಿಗೆ ಮುಚ್ಚಿಕೊಂಡರೂ ಇಲ್ಲಿಂದಲೇ ಕೂಗಿ ಬೈಯುವವಳು ಶೇವಂತಾಬಾಯಿಯೇ. ಅವಳು ದೇವರ ಮುಂದೆ ದೀಪ ಹಚ್ಚಿದಳು, ಕೈ ಮುಗಿದಳು. ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದಳು. ಒಣಗಿದ ಪರದೆಯನ್ನು ಕಟಕಟೆಯಿಂದ ತೆಗೆದು ಒಳಗೆ ಸೊಸೆಯ ಮಡಿಲಿಗೆ ಹಾಕಿದಳು. ಏನೋ ಹೇಳಬೇಕಿತ್ತು. ಅದಕ್ಕೆ ಮಾತು ಇದ್ದಿದ್ದರೆ ಹಿಂದಿನವರು ಹೇಳುತ್ತಿದ್ದರು.

“ಭಜನಿಗೆ ಹೋಗಿ ಬರ್ತೇನಿ,” ಎಂದಳು. ಗ್ಯಾಲರಿಗೆಲ್ಲ ಕೇಳುವ ಹಾಗೆ, ಬೇಕಿದ್ದಕ್ಕಿಂತ ಗಟ್ಟಿಯಾಗಿ.

ಚಾಳದ ಭಜನೆ ಗುರುವಾರ. ಇವತ್ತು ಮಂಗಳವಾರವೆಂದು ಎಲ್ಲರಿಗೂ ಗೊತ್ತಿತ್ತು. ಪ್ರಾಜಕ್ತಾ ತಲೆ ಎತ್ತಿ ತಾಳದ ಗಂಟನ್ನು ನೋಡಿದಳು, ಅತ್ತೆಯ ಮುಖ ನೋಡಲಿಲ್ಲ. ಶೇವಂತಾಬಾಯಿ ಎರಡೂ ಬಾಗಿಲ ರೆಕ್ಕೆಗಳನ್ನು ಹಿಡಿದು, ಲಕ್ಷ್ಮಿ ಬರುವ ಹೊತ್ತಿನಲ್ಲಿ, ತನ್ನ ಕೈಯಾರೆ ಹೊರಗಿನಿಂದ ಎಳೆದಳು. ಪಕ್ಕದ ಹೊಸ್ತಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಹಿರಾಬಾಯಿ ಅದನ್ನು ನೋಡಿದಳು.

“ತಡಾ ಆಗ್ತದೇನು?” ಎಂದು ಕೇಳಿದಳು.

“ಆಗಬಹುದು.”

ಮೆಟ್ಟಿಲು ಇಳಿಯುವಾಗ ಮೊಣಕಾಲು ನಿಜಕ್ಕೂ ನೋಯುತ್ತಿತ್ತು. ಕೆಳಗಿನ ಮಾಳಿಗೆಗೆ ತಿರುಗುವಲ್ಲಿ, ಗೋಡೆಯ ಕಿಂಡಿಯಿಂದ ಬೀದಿಯ ಬೆಳಕು ಬೀಳುವ ಮೆಟ್ಟಿಲ ಮೇಲೆ ಅವಳು ಕೂತಳು. ಆಷಾಢದ ಮಳೆಯ ಎರಚಲು ಈ ಕಿಂಡಿಯಿಂದ ನೇರ ಒಳಗೆ ಹೊಡೆಯುತ್ತದೆ. ಕೂತವರು ಸರಿದುಕೊಳ್ಳಲು ಜಾಗವಿಲ್ಲ, ತೊಯ್ದು ತೊಪ್ಪೆಯಾಗಲೇಬೇಕು. ತಾಳದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿವಿಯನ್ನು ಮೇಲಕ್ಕೆ ಇಟ್ಟಳು. ಚಾಳದ ಅಷ್ಟೂ ಬಾಗಿಲುಗಳಲ್ಲಿ ತನ್ನ ಬಾಗಿಲ ಚಿಲಕದ ಸದ್ದು ಅವಳಿಗೆ ಗೊತ್ತು. ತುಕ್ಕು ಹಿಡಿದ ಕಡೆ ಒಮ್ಮೆ ತಡೆದು ಆಮೇಲೆ ಬೀಳುತ್ತದೆ. ಅದು ಕೇಳಿಸಲಿಲ್ಲ. ಬೀಡಿ ಸೇದುತ್ತ ಯಾರೋ ಇಳಿದು ಹೋದರು, ತರಕಾರಿ ಚೀಲ ಹಿಡಿದು ಇನ್ಯಾರೋ ಹತ್ತಿದರು, ಇಬ್ಬರೂ ಅವಳನ್ನು ಏನೂ ಕೇಳದೆ ಬದಿಯಿಂದ ದಾಟಿದರು. ಚಿಲಕ ಬೀಳಲಿಲ್ಲ. ಹಾಕುವುದಿಲ್ಲ ಅವರು. ಯಾಕೆ ಹಾಕುತ್ತಾರೆ? ಮುಚ್ಚಿದ ಬಾಗಿಲ ಹಿಂದೆ ಕೂತು, ಮುದುಕಿ ಎಲ್ಲಿಯವರೆಗೆ ಹೋಗಿದೆ ನೋಡೋಣ ಎಂದು ನಗುತ್ತಿರಬಹುದು, ತಾನೂ ಸಖಾರಾಮನೂ ನಕ್ಕ ಹಾಗೆ. ನಗಲಿ ಎಂದುಕೊಂಡಳು. ನಗುವುದಾದರೆ ಇಬ್ಬರೂ ಕೂಡಿ ನಗಲಿ.

ಆಗ ಮೇಲೆ, ತುಕ್ಕು ಹಿಡಿದ ಕಡೆ ಒಮ್ಮೆ ತಡೆದು, ಚಿಲಕ ಬಿತ್ತು.

ಶೇವಂತಾಬಾಯಿ ಕಿಂಡಿಯ ಕಡೆ ಮುಖ ತಿರುಗಿಸಿ, ಮಡಿಲಿನ ಗಂಟಿನೊಳಗೆ ತಾಳಗಳು ಸದ್ದು ಮಾಡದ ಹಾಗೆ ಅವುಗಳ ಮೇಲೆ ಅಂಗೈ ಒತ್ತಿಕೊಂಡು ಕೂತಳು.